ಸಿಹಿ ನೀರು, ಕಹಿ ಸಾಲ
(ಅಲೀಪುರದ ರೈತರ ಸಭೆಯಲ್ಲಿ ಆಡಿದ ಮಾತು)



ಬೆಲೆ, ಸಾಲ ಅಂತ ಮಾತಾಡೋ ವೇದಿಕೆಯಲ್ಲಿ ಇವನ್ಯಾಕೆ ಕೂಲ್‌ಡ್ರಿಂಕ್ಸ್ ವಿಷಯ ಎತ್ತಿದ ಅಂದುಕೊಳ್ಳಬೇಡಿ. ಇದೂ ಸಾಲದ ಮಾತೇ.

ಮೊದಲು ನನ್ನ ತಪ್ಪು ಹೇಳಿಬಿಡ್ತೇನೆ. ಟೊಮ್ಯಾಟೊ ಹಾಕಿಕೊಂಡು ಮಂಡಿಗೆ ಹೋದ ದಿನವೆಲ್ಲ ಎರಡು ಬಾಟಲಿ ಕುಡಿಯುತ್ತಿದ್ದೆ. ಕಳೆ ಕೀಳೋ ಆಳುಗಳಿಗೂ ಮಜ್ಜಿಗೆ ಬಿಟ್ಟು ಅದನ್ನೇ ತಂದುಕೊಟ್ಟೆ. ಕಾಲಿನ ಗಾಯ ಮಾಯದೆ ಡಾಕ್ಟರ ಹತ್ತಿರ ಹೋದಾಗ ಸಕ್ಕರೆ ಕಾಯಿಲೆ ಅಂದರು. ಗೊಬ್ಬರಕ್ಕಿಟ್ಟ ಹಣ ಔಷಧಿಗೆ ಹೋಯಿತು. ಗೊಬ್ಬರ ಸಾಲದಲ್ಲಿ ಬಂತು. ಬಾಟಲಿಯೊಂದರಿಂದಲೇ ಕಾಯಿಲೆ ಬಂತು ಅನ್ನೋದಿಲ್ಲ. ಆದರೆ ಅದರ ಪಾಲೂ ಇದೆ.

330 ಮಿಲಿಯ ಒಂದು ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟೊಂಬತ್ತು ಚಮಚ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಮುದ್ದೆ ಉಂಡರೆ ಹೊಟ್ಟೆ ತುಂಬಿತು ಅಂತ ಗೊತ್ತಾಗುತ್ತೆ. ಕುಡಿದ ಸಕ್ಕರೆ ಹೊಟ್ಟೆ ತುಂಬಿಸೋದಿಲ್ಲ, ನೇರ ರಕ್ತಕ್ಕೆ ನುಗ್ಗುತ್ತೆ. ದಿನಾ ಹೀಗಾದರೆ ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತೆ. 184 ದೇಶಗಳ ಲೆಕ್ಕ 2025ರಲ್ಲಿ ಪ್ರಕಟವಾಯಿತು: 2020ರ ಒಂದೇ ವರ್ಷದಲ್ಲಿ ಸಿಹಿ ಪಾನೀಯದ ದೆಸೆಯಿಂದ 22 ಲಕ್ಷ ಹೊಸ ಸಕ್ಕರೆ ಕಾಯಿಲೆ, 12 ಲಕ್ಷ ಹೊಸ ಹೃದಯದ ಕಾಯಿಲೆ.

‘ಸಕ್ಕರೆ ಖರ್ಚಾದರೆ ಕಬ್ಬಿನವನಿಗೆ ಲಾಭವಲ್ವೇ?’ ಅಂತ ಕೇಳಬಹುದು. ಲೆಕ್ಕ ಹಾಕಿ. ಕಿಲೋ ಸಕ್ಕರೆ 45 ರೂಪಾಯಿ ಅಂತಿಟ್ಟರೂ ಆ ಡಬ್ಬಿಯಲ್ಲಿರೋ ಸಕ್ಕರೆಯ ಬೆಲೆ ಒಂದೂವರೆ ರೂಪಾಯಿ ಚಿಲ್ಲರೆ. ಉಳಿದದ್ದೆಲ್ಲ ನೀರು, ಗ್ಯಾಸು, ಜಾಹೀರಾತು, ಕಂಪನಿಯ ಲಾಭ. ರೈತನ ಪಾಲು ಎಲ್ಲಿ?

1977ರಲ್ಲಿ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾಕೋಲಾ ದೇಶ ಬಿಟ್ಟಿತು. ಬದಲಿಗೆ ಬಂದ ಸರ್ಕಾರಿ ‘ಡಬಲ್ ಸೆವೆನ್’ ಸೂತ್ರ ಸಿದ್ಧವಾದದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ. 1993ರಲ್ಲಿ ಕಂಪನಿ ತಿರುಗಿ ಬಂತು. ಆದರೆ ಸ್ವದೇಶಿ ಬಾಟಲಿಯ ಸಕ್ಕರೆಯೂ ಸಕ್ಕರೆಯೇ. ರಕ್ತಕ್ಕೆ ದೇಶ ಗೊತ್ತಿಲ್ಲ.

ಮೆಕ್ಸಿಕೋ 2014ರಲ್ಲಿ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷವೇ ಖರೀದಿ ನೂರಕ್ಕೆ ಆರರಷ್ಟು ಇಳಿಯಿತು. ನಮ್ಮಲ್ಲಿ 2025ರ ಸೆಪ್ಟೆಂಬರಿನಿಂದ ಜಿ.ಎಸ್.ಟಿ. ನೂರಕ್ಕೆ 40. ತೆರಿಗೆ ಸರ್ಕಾರದ ಕೆಲಸ, ಬಿಡೋದು ನಮ್ಮ ಕೆಲಸ.

ಮೊಹರಂನಲ್ಲಿ ಬಾಯಾರಿದವರಿಗೆ ಶರಬತ್ತು ಕೊಡೋ ಊರು ನಿಮ್ಮದು. ಅದೂ ಸಿಹಿಯೇ, ಆದರೆ ವರ್ಷದಲ್ಲಿ ನಾಲ್ಕು ದಿನ. ನಾನು ಹೇಳ್ತಿರೋದು ದಿನಾ ಕುಡಿಯೋ ಬಾಟಲಿ ಮಾತು. ಹಾಲು ಕರೆದು ಡೇರಿಗೆ ಹಾಕಿ, ಆ ದುಡ್ಡಲ್ಲಿ ಮಗನಿಗೆ ಸಕ್ಕರೆ ನೀರು ತರೋದು ಯಾವ ಬುದ್ಧಿ? ನಾಳೆಯಿಂದ ಹೊಲಕ್ಕೆ ಮಜ್ಜಿಗೆ, ರಾಗಿ ಅಂಬಲಿ ಹೋಗಲಿ. ನಮ್ಮ ಹೊಲದಲ್ಲಿ ಈಗ ಅದೇ ಹೋಗ್ತಿದೆ.