ಅಂಚಿನ ತೆನೆ ಯಾರ ಲೆಕ್ಕಕ್ಕೆ?

ಒಂದು ಕಾಲಕ್ಕೆ ನಮ್ಮಲ್ಲಿ ಬೆಳೆಯ ಲೆಕ್ಕವನ್ನು ಕಣ್ಣಂದಾಜಿನಲ್ಲೇ ಬರೆಯುತ್ತಿದ್ದರು. ಬದುವಿನ ಮೇಲೆ ನಿಂತು, ಈ ಸಲ ಹತ್ತಾಣೆ ಬೆಳೆ, ಎಂಟಾಣೆ ಬೆಳೆ ಎನ್ನುವುದು. ಅದೇ ಆಣೆವಾರಿ.

ಈ ಅಂದಾಜಿನ ಜಾಗಕ್ಕೆ ಅಳತೆಯನ್ನು ತರಲು ದುಡಿದವರಲ್ಲಿ ಪಾಂಡುರಂಗ ವಾಸುದೇವ ಸುಖಾತ್ಮೆ ಪ್ರಮುಖರು. 1911ರಲ್ಲಿ ಸಾತಾರಾ ಜಿಲ್ಲೆಯ ಬುಧ್ ಗ್ರಾಮದಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರ ಕಲಿತು ಬಂದು 1940ರಲ್ಲಿ ಕೃಷಿ ಸಂಶೋಧನಾ ಮಂಡಳಿ ಸೇರಿದರು. ಚೀಟಿ ಎತ್ತಿದ ಹಾಗೆ ಹೊಲ ಆರಿಸಿ, ಅದರಲ್ಲೊಂದು ಚೌಕ ಗುರುತಿಸಿ, ಕೊಯ್ದು, ತೂಗಿ ನೋಡುವ ಕ್ರಮವನ್ನು ದೇಶದಲ್ಲಿ ಬೇರೂರಿಸಿದರು.

ಚೌಕ ಎಷ್ಟು ದೊಡ್ಡದಿರಬೇಕು? ಚಿಕ್ಕದಾದರೆ ಕೆಲಸ ಹಗುರ. ಆದರೆ ಹಗ್ಗದ ಗೆರೆಯ ಮೇಲೇ ನಿಂತ ತೆನೆ ಒಳಗಿನದೋ ಹೊರಗಿನದೋ? ಕುಡುಗೋಲು ಹಿಡಿದ ಕೈ ಅದನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಚೌಕ ಚಿಕ್ಕದಾದಷ್ಟೂ ಅಂಚಿನ ಪಾಲು ಹೆಚ್ಚು. ಇಲ್ಲದ ಬೆಳೆ ಕಾಗದದಲ್ಲಿ ಬೆಳೆಯುತ್ತದೆ. ಇದನ್ನು ಸುಖಾತ್ಮೆ 1946ರಲ್ಲಿ ತೋರಿಸಿಕೊಟ್ಟರು. ಬಂಗಾಳದ ಬರಗಾಲ ಕಳೆದು ಆಗಿನ್ನೂ ಮೂರೇ ವರ್ಷ. ಅಂಥ ಹೊತ್ತಿನಲ್ಲಿ ಒಂದು ತೆನೆಗಾಗಿ ಹಟ ಹಿಡಿದ ಆ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಮುಂದೆ ರೋಮ್‌ನಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ, ಅವರು ಜಗತ್ತಿನ ಹಸಿವನ್ನೇ ಲೆಕ್ಕಕ್ಕೆ ತಂದರು. 1971ರಲ್ಲಿ ಪದ್ಮಭೂಷಣ ಬಂತು.

ನಮ್ಮ ಕರ್ನಾಟಕದಲ್ಲೂ ಬೆಳೆ ವಿಮೆಗೆ ಈ ಕಟಾವು ಪ್ರಯೋಗವೇ ಮುಖ್ಯ ಆಧಾರ. ಗೂಟ ನೆಟ್ಟು, ಹಗ್ಗ ಬಿಗಿದು, ರಾಗಿ ಕೊಯ್ದು ತಕ್ಕಡಿಗೆ ಹಾಕುವಾಗ ರೈತ ಉಸಿರು ಬಿಗಿಹಿಡಿದು ಮುಳ್ಳನ್ನೇ ನೋಡುತ್ತಿರುತ್ತಾನೆ.