ಆದರ್ಶ ಜೀವನ



ಆದರ್ಶ ಜೀವನವನ್ನು ಗವಿಯಲ್ಲಿ ಹುಡುಕಬೇಕಾಗಿಲ್ಲ. ಈ ವಿರೂಪಾಪುರಗಡ್ಡೆಯ ಹೊಳೆಯೇ ಅದನ್ನು ತೋರಿಸಿದೆ. ೨೦೧೯ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಬಂದಾಗ ನೂರಾರು ಪ್ರವಾಸಿಗರು ಇಲ್ಲಿ ಸಿಲುಕಿದರು. ಅವರನ್ನು ಕರೆತರಲು ಹೋದವರ ದೋಣಿಯೇ ಮಗುಚಿತು. ಆ ಸಿಬ್ಬಂದಿಯನ್ನೂ ನೀರಿನಿಂದ ಮೇಲೆತ್ತಬೇಕಾಯಿತು. ಆದರೂ ಕಾರ್ಯ ನಿಲ್ಲಲಿಲ್ಲ. ಹೆಲಿಕಾಪ್ಟರಿನಲ್ಲಿಯೂ ಜನರನ್ನು ದಾಟಿಸಿದರು. ದಡ ಮುಟ್ಟಿಸುವವನು ಜಾತಿ ಕೇಳಿ ಕೈ ಚಾಚುವನೇ?

೧೨ನೆಯ ಶತಮಾನದ ಅಂಬಿಗರ ಚೌಡಯ್ಯನವರಿಗೆ ದೋಣಿ ನಡೆಸುವುದೇ ಕಾಯಕವಾಗಿತ್ತು, ಕಾಯಕವೇ ಪೂಜೆಯಾಗಿತ್ತು. ಪೀಠದ ಮೇಲೆ ಕುಳಿತು ಹೊಳೆಯ ಮಾತನ್ನಾಡುವುದು ಸುಲಭ. ಇದನ್ನು ನಾವು ನಮಗೂ ಹೇಳಿಕೊಳ್ಳುತ್ತೇವೆ. ನಿಮ್ಮ ಓಣಿಯಲ್ಲಿಯೂ ಸಾಲದಲ್ಲಿ, ರೋಗದಲ್ಲಿ, ಕುಡಿತದಲ್ಲಿ ಮುಳುಗುತ್ತಿರುವವರಿದ್ದಾರೆ. ಇಂದು ಸಂಜೆ ಅಂಥ ಒಬ್ಬರ ಬಾಗಿಲಿಗೆ ಹೋಗಿರಿ. ಅದನ್ನೇ ನಾವು ಮಠಕ್ಕೆ ಸಂದ ಕಾಣಿಕೆಯೆಂದು ತಿಳಿಯುತ್ತೇವೆ.