ಪ್ಯಾರಿಸ್ಸೋ ಮಳೆಯೋ: ಒಂದು ತಕರಾರು



ಸಿನಿಮಾದಲ್ಲಿ ಹಾಡಿಗೆ ಏನು ಕೆಲಸ ಎಂಬ ವಿಷಯದ ಮೇಲೆ ನೀವೆಲ್ಲ ಇಲ್ಲಿ ಮಾತಾಡಲಿದ್ದೀರಿ. ಆಶಯ ಭಾಷಣ ಮಾಡುವವರು ಸಾಮಾನ್ಯವಾಗಿ ಭರತಮುನಿಯಿಂದ ಹೊರಟು, ಕಂಪನಿ ನಾಟಕಗಳನ್ನು ಹಾದು, ಊಟದ ಹೊತ್ತಿಗೆ ಸರಿಯಾಗಿ ಯೂಟ್ಯೂಬಿಗೆ ಬಂದು ಇಳಿಯುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಎರಡೇ ಎರಡು ಚಿತ್ರಗಳನ್ನು ಮುಂದಿಟ್ಟುಕೊಂಡು, ಯಾವುದು ಮೇಲು ಎಂದು ಜಗಳಕ್ಕೆ ನಿಲ್ಲುತ್ತೇನೆ. ಈ ಪ್ರಶ್ನೆ ವಿಶ್ವವಿದ್ಯಾಲಯಗಳಲ್ಲಿ ಸ್ವಲ್ಪ ಅಸಭ್ಯ ಅನ್ನಿಸಿಕೊಳ್ಳುತ್ತದೆ, ಗೊತ್ತಿದೆ. ಎರಡಕ್ಕೂ ಅದರದರ ಸೊಗಸಿದೆ ಎಂದುಬಿಟ್ಟರೆ ಯಾರಿಗೂ ಬೇಜಾರಿಲ್ಲ. ಆದರೆ ತೂಕ ಹಾಕುವ ಕೆಲಸ ಬಿಟ್ಟ ಮೇಲೆ ವಿಮರ್ಶೆಗೆ ಉಳಿಯುವ ಕೆಲಸವಾದರೂ ಏನು?

ಮೊದಲನೆಯದು 1951ರ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’, ವಿನ್ಸೆಂಟ್ ಮಿನ್ನೆಲಿ ನಿರ್ದೇಶನ. ಎರಡನೆಯದು 1952ರ ‘ಸಿಂಗಿಂಗ್ ಇನ್ ದ ರೇನ್’, ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನೆನ್ ಇಬ್ಬರ ನಿರ್ದೇಶನ. ಹೋಲಿಸುವುದಕ್ಕೆ ಇವಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ, ಯಾಕೆಂದರೆ ಎರಡೂ ಒಂದೇ ಮನೆಯ ಮಕ್ಕಳು. ಎಂಜಿಎಂ ಸ್ಟುಡಿಯೊ, ನಿರ್ಮಾಪಕ ಆರ್ಥರ್ ಫ್ರೀಡ್, ನಾಯಕ ಜೀನ್ ಕೆಲ್ಲಿ. ನೃತ್ಯ ಸಂಯೋಜನೆಯಲ್ಲೂ ಕೆಲ್ಲಿಯದೇ ಕೈ. 1952ರ ಮಾರ್ಚ್ 20ರಂದು ಮೊದಲ ಚಿತ್ರ ಅತ್ಯುತ್ತಮ ಚಿತ್ರವೂ ಸೇರಿ ಆರು ಆಸ್ಕರ್ ಹೊತ್ತುಕೊಂಡು ಹೋಯಿತು. ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನಂಥ ಚಿತ್ರವನ್ನು ಹಿಂದೆ ಹಾಕಿ ಗೆದ್ದದ್ದು. ಒಂದು ವಾರದ ಮೇಲೆ, ಮಾರ್ಚ್ 27ಕ್ಕೆ, ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಎರಡನೆಯದು ತೆರೆಕಂಡಿತು. ಅದಕ್ಕೆ ಮರುವರ್ಷ ಸಿಕ್ಕಿದ್ದು ಬರೀ ಎರಡು ನಾಮನಿರ್ದೇಶನ, ಪ್ರಶಸ್ತಿ ಸೊನ್ನೆ. ಈಗ ನೋಡಿ: 2022ರ ‘ಸೈಟ್ ಆ್ಯಂಡ್ ಸೌಂಡ್’ ಪತ್ರಿಕೆಯ ವಿಮರ್ಶಕರ ಮತಗಣನೆಯಲ್ಲಿ ‘ರೇನ್’ ಹತ್ತನೆಯ ಸ್ಥಾನದಲ್ಲಿದೆ. ‘ಪ್ಯಾರಿಸ್’ ಅದರ ಹತ್ತಿರಕ್ಕೂ ಸುಳಿಯಲಿಲ್ಲ.

ತೀರ್ಪು ಹೀಗೆ ತಲೆಕೆಳಗಾಗಿದ್ದು ಯಾಕೆ? ಪ್ರಶಸ್ತಿ ಕೊಟ್ಟವರಿಗೆ ಪ್ಯಾರಿಸ್, ಚಿತ್ರಕಲೆ, ಬ್ಯಾಲೆ, ಗರ್ಶ್ವಿನ್ ಎಲ್ಲ ಒಟ್ಟಿಗೆ ಕಂಡಾಗ ಇದು ‘ಘನ’ವಾದದ್ದು ಅನ್ನಿಸಿರಬೇಕು. ‘ರೇನ್’ನಲ್ಲಿ ಗೋಡೆಗೆ ಹಾಯ್ದು ಬೀಳುವ ಡೊನಾಲ್ಡ್ ಓಕಾನರ್‌ನ ಹುಚ್ಚಾಟ ಘನ ಅನ್ನಿಸುವುದಾದರೂ ಹೇಗೆ! ಪ್ರಶಸ್ತಿ ಕೊಟ್ಟವರನ್ನು ನೋಡಿ ನಾವು ನಗಬೇಕಾಗಿಲ್ಲ. ರಾಗದ ಹೆಸರು ಹೇಳಬಹುದಾದ ಚಿತ್ರಗೀತೆಗೆ ನಮ್ಮ ಸೆಮಿನಾರುಗಳಲ್ಲಿ ಇಪ್ಪತ್ತು ಪುಟ, ಹಾಸ್ಯನಟ ನರಸಿಂಹರಾಜು ಕುಣಿದ ಹಾಡಿಗೆ ಒಂದು ಅಡಿಟಿಪ್ಪಣಿ. ಅದೇ ಕಾಯಿಲೆ ಇದು.

ಎರಡೂ ಚಿತ್ರಗಳ ಬಹುಪಾಲು ಹಾಡುಗಳು ಹಳೆಯವು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ, ಸಂಗೀತ ನಿರ್ದೇಶಕರು ಟ್ಯೂನ್ ಹಾಕುತ್ತಾರೆ, ಕವಿ ಆ ಟ್ಯೂನಿಗೆ ಸಾಹಿತ್ಯ ಕೂರಿಸುತ್ತಾರೆ. ಅಲ್ಲಿ ತಿರುಗಾಮುರುಗಾ. ಹಾಡು ತಯಾರಿದೆ, ಕತೆ ಹುಡುಕಬೇಕು. ‘ಪ್ಯಾರಿಸ್’ನ ಸಂಗೀತದ ಜಾರ್ಜ್ ಗರ್ಶ್ವಿನ್ 1937ರಲ್ಲೇ ತೀರಿಕೊಂಡಿದ್ದ. ಅವನ 1928ರ ವಾದ್ಯವೃಂದ ಕೃತಿಯ ಹೆಸರೇ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’. ಅಣ್ಣ ಐರಾ ಅದನ್ನು ಫ್ರೀಡ್‌ಗೆ ಕೊಡುವಾಗ ಚಿತ್ರದಲ್ಲಿ ಗರ್ಶ್ವಿನ್ ಸಂಗೀತ ಬಿಟ್ಟು ಬೇರೆ ಬರಕೂಡದು ಎಂದು ಷರತ್ತು ಹಾಕಿದ. ಇನ್ನೊಂದು ಚಿತ್ರದ್ದು ಬೇರೆ ಕತೆ. ಅದರ ಬಹುಪಾಲು ಹಾಡುಗಳನ್ನು ಬರೆದವನು ನಿರ್ಮಾಪಕ ಫ್ರೀಡನೇ, ಟ್ಯೂನು ನಾಸಿಯೊ ಹರ್ಬ್ ಬ್ರೌನ್‌ನದು. ತನ್ನ ಹಳೆಯ ಹಾಡುಗಳಿಗೆ ಒಂದು ಕತೆ ಹೆಣೆದುಕೊಡಿ ಎಂದು ಬೆಟ್ಟಿ ಕಾಮ್ಡೆನ್, ಅಡಾಲ್ಫ್ ಗ್ರೀನ್ ಜೋಡಿಗೆ ಆತ ಹೇಳಿದ. ಅವರು ಹಾಡುಗಳನ್ನು ಹರಡಿಕೊಂಡು ಕೂತಾಗ ಕಂಡದ್ದು ಇಷ್ಟು: ಇವು ಹುಟ್ಟಿದ್ದು ಮೂಕಿಚಿತ್ರ ಬಾಯಿಬಿಡಲು ಕಲಿತ ಕಾಲದಲ್ಲಿ. ಹಾಗಿದ್ದರೆ ಕತೆಯೂ ಆ ಕಾಲದ್ದೇ ಆಗಲಿ. 1927ರ ಹಾಲಿವುಡ್, ‘ದ ಜಾಝ್ ಸಿಂಗರ್’ ಬಂದು ಎಲ್ಲರ ಎದೆ ಹೊಡೆದುಕೊಳ್ಳುತ್ತಿರುವ ಸಮಯ.

ನನ್ನ ತೀರ್ಪು ಶುರುವಾಗುವುದು ಇಲ್ಲಿ. ‘ಪ್ಯಾರಿಸ್’ನಲ್ಲಿ ಹಾಡು ಕತೆಗೆ ತೊಡಿಸಿದ ಒಡವೆ. ‘ರೇನ್’ನಲ್ಲಿ ಹಾಡೇ ಕತೆಯೊಳಗಿನ ಜನರ ದುಡಿಮೆ. ಈ ವ್ಯತ್ಯಾಸವನ್ನು ಸಿದ್ಧಾಂತದಲ್ಲಿ ಹೇಳುವುದಕ್ಕಿಂತ ಎರಡು ದೃಶ್ಯಗಳಲ್ಲಿ ತೋರಿಸುತ್ತೇನೆ.

‘ಪ್ಯಾರಿಸ್’ನಲ್ಲಿ ಚಿತ್ರಕಾರ ಜೆರ್ರಿ ಮತ್ತು ಅವನು ಮೆಚ್ಚಿದ ಹುಡುಗಿ ಲೀಸ್ ಸೀನ್ ನದಿಯ ದಂಡೆಯಲ್ಲಿ ಕುಣಿಯುತ್ತಾರೆ. ನೀಲಿ ಕತ್ತಲು, ತೆಳ್ಳಗೆ ಮಂಜು, ಹಿಂದೆ ಸೇತುವೆ. ಅಷ್ಟೂ ಕ್ಯಾಲಿಫೋರ್ನಿಯದ ಕಲ್ವರ್ ಸಿಟಿಯಲ್ಲಿ ಹಾಕಿದ ಸೆಟ್. ಸೆಟ್ ಹಾಕಿದ್ದು ತಪ್ಪಲ್ಲ. ಆದರೆ ಇದೇ ಪ್ಯಾರಿಸ್ ಎಂದು ಅದು ನಮ್ಮನ್ನು ನಂಬಿಸಲು ಹೊರಡುತ್ತದೆ, ನಾವೂ ಮರ್ಯಾದೆಗೆ ನಂಬಿದಂತೆ ಕೂರುತ್ತೇವೆ. ‘ರೇನ್’ನಲ್ಲಿ ನಾಯಕ ಡಾನ್ ಲಾಕ್‌ವುಡ್‌ಗೆ ತಾನು ಮೆಚ್ಚಿದ ಕ್ಯಾಥಿಯ ಎದುರು ಪ್ರೀತಿ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಅವನು ನಟ, ಸೆಟ್ ಇಲ್ಲದೆ ಅವನಿಗೆ ಭಾವನೆ ಹೊರಡದು. ಅವಳನ್ನು ಖಾಲಿ ಸ್ಟುಡಿಯೊ ಫ್ಲೋರಿಗೆ ಕರೆದುಕೊಂಡು ಹೋಗಿ ಒಂದೊಂದೇ ಸ್ವಿಚ್ ಹಾಕುತ್ತಾನೆ. ಸಂಜೆಗೆಂಪಿನ ದೀಪ, ಮಂಜಿನ ಯಂತ್ರ, ಬೆಳದಿಂಗಳಿಗೆ ಇನ್ನೊಂದು ಲೈಟು. ಬಾಲ್ಕನಿಯ ಬದಲು ಒಂದು ಏಣಿ. ಅದರ ಮೇಲೆ ಅವಳನ್ನು ನಿಲ್ಲಿಸುತ್ತಾನೆ. ದೊಡ್ಡ ಫ್ಯಾನು ತಿರುಗಿದಾಗ ಅವಳ ಸೆರಗಿನಂಥ ಉಡುಪು ಹಾರುತ್ತದೆ. ಎಲ್ಲವೂ ನಕಲಿ ಎಂದು ನಮ್ಮ ಕಣ್ಣೆದುರೇ ತೋರಿಸಿದ ಮೇಲೂ ಅವನು ಹಾಡಿದಾಗ ನಾವು ಕರಗುತ್ತೇವೆ. ಪರಕಾಯಪ್ರವೇಶದ ಮಂತ್ರವನ್ನು ಗಟ್ಟಿಯಾಗಿ ಓದಿ ಹೇಳಿಯೂ ಪ್ರವೇಶ ಮಾಡಿಬಿಡುವ ಧೈರ್ಯ ಅದು. ಮಿನ್ನೆಲಿಯ ನದಿದಂಡೆ ಇದಕ್ಕಿಂತ ಸುಂದರ, ಒಪ್ಪುತ್ತೇನೆ. ಇಷ್ಟು ಚುರುಕಲ್ಲ.

‘ಪ್ಯಾರಿಸ್’ ಪರವಾಗಿ ವಾದಿಸುವವರು ಕೊನೆಗೆ ಬಂದು ನಿಲ್ಲುವುದು ಚಿತ್ರದ ಅಂತ್ಯದ ಆ ಸುಮಾರು 17 ನಿಮಿಷದ ಬ್ಯಾಲೆಯ ಮೇಲೆ. ನಿಲ್ಲಬೇಕಾದ್ದೇ. ಕಪ್ಪುಬಿಳುಪು ವೇಷದವರ ಒಂದು ನೃತ್ಯಕೂಟ, ಲೀಸ್ ಬಿಟ್ಟುಹೋಗಿದ್ದಾಳೆ, ಹರಿದ ರೇಖಾಚಿತ್ರ, ಒಂದು ಕೆಂಪು ಗುಲಾಬಿ. ಅಲ್ಲಿಂದ ಬಣ್ಣ ನುಗ್ಗುತ್ತದೆ. ಡ್ಯೂಫಿ, ರೆನ್ವಾ, ಯುಟ್ರಿಲೊ, ರೂಸೊ, ವ್ಯಾನ್ ಗೋ, ತುಲೂಸ್ ಲೊಟ್ರೆಕ್ ಇವರ ಕ್ಯಾನ್ವಾಸುಗಳ ಒಳಗೇ ನರ್ತಕರು ಓಡಾಡುತ್ತಾರೆ. ಒಂದು ಮಾತಿಲ್ಲ. ಬ್ಯಾಲೆ ಮುಗಿದ ಮೇಲೂ ಚಿತ್ರದಲ್ಲಿ ಮತ್ತೆ ಮಾತೇ ಇಲ್ಲ. ಅಷ್ಟು ದೊಡ್ಡ ಸ್ಟುಡಿಯೊ ಅಂಥ ಜೂಜಾಡಿದ್ದು ಈಗಲೂ ಬೆರಗು ಹುಟ್ಟಿಸುತ್ತದೆ. ಮರುವರ್ಷ ‘ರೇನ್’ನಲ್ಲಿ ಸಿಡ್ ಶರೀಸ್ ಜೊತೆ ಕೆಲ್ಲಿ ಸೇರಿಸಿದ ಬ್ರಾಡ್‌ವೇ ನೃತ್ಯ ಇದರ ಮುಂದೆ ಮಂಕು. ಅದು ಇಲ್ಲದಿದ್ದರೂ ಚಿತ್ರ ನಡೆಯುತ್ತಿತ್ತು. ಚಿತ್ರದೊಳಗಿನ ನಿರ್ಮಾಪಕನೇ ಅದನ್ನು ಕೇಳಿ ನನಗೆ ಕಣ್ಣಿಗೆ ಕಟ್ಟುತ್ತಿಲ್ಲ ಎನ್ನುವುದು ಬಹುಶಃ ಬರಹಗಾರರ ತುಂಟತನ.

ಆದರೆ ಆ ಬ್ಯಾಲೆ ಏನನ್ನು ಮುಚ್ಚಿಹಾಕುತ್ತದೆ ಎಂದೂ ಕೇಳಬೇಕು. ಮೈಲೊ ಎಂಬ ಶ್ರೀಮಂತ ಹೆಂಗಸು ಜೆರ್ರಿಯ ಚಿತ್ರಗಳನ್ನು ಕೊಳ್ಳುತ್ತಾಳೆ, ಅವನಿಗೆ ಸ್ಟುಡಿಯೊ ಮಾಡಿಕೊಡುತ್ತಾಳೆ. ಅವನೋ ಅವಳ ಹಣದಲ್ಲಿ ಬಣ್ಣ ಕಲಸುತ್ತ ಇನ್ನೊಬ್ಬಳ ಹಿಂದೆ ಅಲೆಯುತ್ತಾನೆ. ಕಲಾವಿದ ಮತ್ತು ಅನ್ನ ಹಾಕಿದವರು: ಇಡೀ ಚಿತ್ರದಲ್ಲಿ ನಿಜವಾದ ಸಂಕಟ ಅಂತ ಇದ್ದರೆ ಇದೊಂದೇ. ನೀನಾ ಫೋಶ್ ಆ ಪಾತ್ರವನ್ನು ನಿಭಾಯಿಸಿದ ರೀತಿ ನೋಡಿ, ಗರ್ವದ ಕೆಳಗೇ ಒಂಟಿತನ. ನೃತ್ಯಕೂಟದಲ್ಲಿ ಅವಳು ಆಚೆ ಹೋಗುತ್ತಾಳೆ, ಚಿತ್ರ ಅವಳನ್ನು ಅಲ್ಲೇ ಮರೆತುಬಿಡುತ್ತದೆ. ಬ್ಯಾಲೆ ಮುಗಿಯುತ್ತಿದ್ದಂತೆ ಲೀಸ್‌ಳ ಭಾವಿ ಗಂಡ ಆನ್ರಿ ಅವಳನ್ನು ಕಾರಿನಲ್ಲಿ ವಾಪಸು ತಂದು ಬಿಟ್ಟು ಹೋಗುತ್ತಾನೆ, ಪ್ರೇಮಿಗಳು ಮೆಟ್ಟಿಲಲ್ಲಿ ಓಡಿ ಬಂದು ತಬ್ಬಿಕೊಳ್ಳುತ್ತಾರೆ, ಶುಭಂ. 17 ನಿಮಿಷದ ಬಣ್ಣದಲ್ಲಿ ಮೂರು ಮಂದಿಯ ಬಾಕಿ ಲೆಕ್ಕ ತೊಳೆದುಹೋಯಿತು.

‘ರೇನ್’ ಇಂಥ ಬಾಕಿ ಉಳಿಸಿಕೊಳ್ಳುವುದಿಲ್ಲ ಎಂದು ನಾನು ಹೇಳಿದರೆ ನೀವು ನಂಬಬಾರದು. ಅದು ಉಳಿಸಿಕೊಂಡಿದೆ. ಅದನ್ನು ಮೊದಲು ಹಿಡಿಯಬೇಕಾದವರು ಹಿನ್ನೆಲೆ ಗಾಯನದ ನಾಡಿನವರಾದ ನಾವೇ.

ಕತೆ ನಿಮಗೆ ಗೊತ್ತು. ಮೂಕಿ ತಾರೆ ಲೀನಾ ಲೆಮಾಂಟ್‌ಳ ದನಿ ತಗಡು ಕೊಯ್ದ ಹಾಗೆ. ಮೈಕನ್ನು ಪೊದೆಯಲ್ಲಿಟ್ಟರೆ ಮಾತು ದಾಖಲಾಗುವುದಿಲ್ಲ, ಎದೆಗೆ ಸಿಕ್ಕಿಸಿದರೆ ಎದೆಬಡಿತವೇ ಕೇಳುತ್ತದೆ. ಕೊನೆಗೆ ಅವಳ ಬದಲು ಕ್ಯಾಥಿ ದನಿ ಕೊಡುತ್ತಾಳೆ. ಕಡೆಯ ದೃಶ್ಯದಲ್ಲಿ ಪರದೆ ಎಳೆದು, ಹಿಂದೆ ನಿಂತು ಹಾಡುತ್ತಿರುವವಳನ್ನು ಸಭೆಗೆ ತೋರಿಸುತ್ತಾರೆ. ಲೀನಾಳ ಮಾನ ಹೋಗುತ್ತದೆ, ಜನ ನಗುತ್ತಾರೆ. ಪಿ.ಬಿ. ಶ್ರೀನಿವಾಸ್ ದನಿಗೆ ರಾಜ್‌ಕುಮಾರ್ ತುಟಿಯಾಡಿಸಿದ್ದನ್ನು ಎದೆಗಪ್ಪಿಕೊಂಡವರು ನಾವು. ರಾಜ್ ಹಾಡಬಲ್ಲರು ಎಂಬುದು ‘ಓಹಿಲೇಶ್ವರ’ದ ಕಾಲಕ್ಕೇ ಗೊತ್ತಿದ್ದರೂ, ಅವರೇ ಹಾಡಿದ 1974ರ ‘ಸಂಪತ್ತಿಗೆ ಸವಾಲ್’ ತನಕ ಆ ಜೋಡಿಯ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ನಮ್ಮ ಕಣ್ಣಿಗೆ ಲೀನಾ ಇನ್ನೊಬ್ಬರ ದನಿ ಬಳಸಿದ್ದು ಅಪರಾಧವೇ ಅಲ್ಲ. ಕ್ಯಾಥಿಯ ಹೆಸರನ್ನು ತೆರೆಯ ಮೇಲೆ ಬರದಂತೆ ತಡೆದದ್ದು, ಅವಳನ್ನು ಜೀವಮಾನವಿಡೀ ಪರದೆಯ ಹಿಂದೆ ಕಟ್ಟಿಹಾಕಲು ಹೊರಟಿದ್ದು, ಅದು ಅಪರಾಧ. 1949ರ ‘ಮಹಲ್’ ಹಾಡಿನ ರೆಕಾರ್ಡಿನ ಮೇಲೆ ಲತಾ ಮಂಗೇಶ್ಕರ್ ಹೆಸರಿನ ಬದಲು ಪಾತ್ರದ ಹೆಸರು ಅಚ್ಚಾಗಿದ್ದನ್ನು ನೆನೆಯಿರಿ.

ತಮಾಷೆ ಇರುವುದು ಇನ್ನೂ ಒಳಗೆ. ಚಿತ್ರದಲ್ಲಿ ಲೀನಾಗಾಗಿ ಕ್ಯಾಥಿ ಹಾಡುವ ‘ವುಡ್ ಯೂ?’ ಹಾಡಿನ ದನಿ ಕ್ಯಾಥಿಯ ಪಾತ್ರ ಮಾಡಿದ ಡೆಬಿ ರೆನಾಲ್ಡ್ಸ್‌ಳದಲ್ಲ, ಬೆಟ್ಟಿ ನೋಯ್ಸ್ ಎಂಬ ಗಾಯಕಿಯದು. ಟೈಟಲ್ ಕಾರ್ಡಿನಲ್ಲಿ ಆಕೆಯ ಹೆಸರಿಲ್ಲ. ಕ್ಯಾಥಿ ಲೀನಾಗೆ ಕೊಡುವ ಸಂಭಾಷಣೆಯ ಇಂಪಾದ ದನಿಯೋ, ಲೀನಾಳಾಗಿ ಕಿರುಚುವ ಜೀನ್ ಹೇಗನ್‌ಳ ಸ್ವಂತ ದನಿ! ದನಿ ಕದ್ದವಳನ್ನು ಬಯಲಿಗೆಳೆಯುವ ಚಿತ್ರವೇ ಅದೇ ಕೆಲಸ ಮಾಡಿದೆ, ಪರದೆ ಎಳೆಯದೆ.

ಇಷ್ಟಾದರೂ ನನ್ನ ಮತ ‘ರೇನ್’ಗೇ. ಅದರ ದೋಷ ಕೂಡ ಅದರ ವಿಷಯದೊಳಗೇ ಇದೆ. ಕೆದಕಿದಷ್ಟೂ ಸಿನಿಮಾ ಎಂಬ ಕಸುಬಿನ ಬಗ್ಗೆಯೇ ಏನಾದರೂ ಸಿಗುತ್ತದೆ. ‘ಪ್ಯಾರಿಸ್’ನ ದೋಷ ಕೆದಕಿದರೆ ಸಿಗುವುದು ಅರ್ಧಕ್ಕೆ ಬಿಟ್ಟ ಒಂದು ಚಿತ್ರಕತೆ. ಜ್ವರ ಬಂದ ಮೈಯಲ್ಲಿ ಕೆಲ್ಲಿ ಮಳೆಯಲ್ಲಿ ಕುಣಿದದ್ದನ್ನು ಹೊಗಳುವ ಕೆಲಸ ಬೇರೆಯವರು ಸಾಕಷ್ಟು ಮಾಡಿದ್ದಾರೆ, ನಾನು ಅದನ್ನು ಮುಟ್ಟಲಿಲ್ಲ.

ಗೋಷ್ಠಿಗಳಿಗೆ ನನ್ನ ಬೇಡಿಕೆ ಎರಡು. ಕನ್ನಡ ಚಿತ್ರಗೀತೆಯ ಬಗ್ಗೆ ಪ್ರಬಂಧ ಓದುವವರು, ಆ ಹಾಡನ್ನು ಚಿತ್ರದಿಂದ ಕಿತ್ತರೆ ಏನು ಕುಸಿಯುತ್ತದೆ ಎಂದು ಒಮ್ಮೆ ಹೇಳಿ. ಏನೂ ಕುಸಿಯದಿದ್ದರೆ ಅದನ್ನೂ ಹೇಳಿ. ಹಿನ್ನೆಲೆ ಗಾಯನದ ಗೋಷ್ಠಿಯವರು, ಕೋರಸ್ಸಿನಲ್ಲಿ ಹಾಡಿದವರ, ಹಾಡು ಕೂರುವ ಮೊದಲು ಟ್ರ್ಯಾಕ್ ಹಾಡಿಕೊಟ್ಟವರ, ನಾಯಕಿಯರಿಗೆ ಸಂಭಾಷಣೆಯ ದನಿ ಕೊಟ್ಟವರ ಹೆಸರುಗಳನ್ನು ಎಲ್ಲೆಲ್ಲಿಂದ ಹುಡುಕಬಹುದು ಎಂಬ ದಾರಿಯನ್ನಾದರೂ ಇಲ್ಲಿ ಹಾಕಿಕೊಡಿ. ‘ಪ್ಯಾರಿಸ್’ ಪಕ್ಷದವರಿಗೆ ಚಹಾ ವಿರಾಮದಲ್ಲಿ ನಾನು ಸಿಗುತ್ತೇನೆ.